ನಲವತ್ತು ಅಂದರೆ ನಲವತ್ತೇ

ಇಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಕಾಲಮ್ಮು. ಅದನ್ನು ಎರಡು ತಿಂಗಳ ಹಿಂದೆ ಕೈಯಾರೆ ಎಳೆದವರು ಸ್ವತಃ ಟ್ರಾಫಿಕ್ ಸಾಹೇಬರೇ ಆದ್ದರಿಂದ, ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ.

ಟ್ರಾಫಿಕ್ ಸಾಹೇಬರು ಎಂದ ಕೂಡಲೇ ಟೋಪಿ, ಸೀಟಿ, ಗಿರಿಜಾ ಮೀಸೆ ಎಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ನಮ್ಮ ಸಾಹೇಬರಿಗೆ ಮೀಸೆಯೂ ಇಲ್ಲ, ಸೀಟಿ ಊದುವ ಧೈರ್ಯವೂ ಇಲ್ಲ. ಅವರು ಚಿಪ್ ತಯಾರಿಸುವ ಆಫೀಸಿನಲ್ಲಿ ಎಂಜಿನಿಯರು. ಚಿಪ್ ಇರುವುದು ಉಗುರಿನಷ್ಟಗಲ. ಆದರೆ ಅದರೊಳಗೆ ಒಂದು ಊರೇ ಇದೆ. ಗಲ್ಲಿಗಳಿವೆ, ನಾಲ್ಕು ದಾರಿ ಕೂಡುವ ಚೌಕಗಳಿವೆ, ಹಗಲೂ ರಾತ್ರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುದ್ದಿಗಳು ಓಡಾಡುತ್ತಿರುತ್ತವೆ. ಯಾವ ಸುದ್ದಿ ಮೊದಲು ಚೌಕ ದಾಟಬೇಕು, ಯಾವುದು ಕಾಯಬೇಕು ಎಂದು ಗೊತ್ತುಮಾಡುವುದು ಸಾಹೇಬರ ಕೆಲಸ. ಇದನ್ನು ಒಂದು ಸಲ ಅತ್ತೆಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಆಕೆ ಬೀದಿಯಲ್ಲೆಲ್ಲ "ನಮ್ಮ ಅಳಿಯಂದಿರು ಟ್ರಾಫಿಕ್ಕಲ್ಲಿದಾರೆ" ಎಂದು ಸಾರಿಬಿಟ್ಟರು. ಅಂದಿನಿಂದ ಅಕ್ಕಪಕ್ಕದವರು ಸ್ಕೂಟರಿಗೆ ಬಿದ್ದ ದಂಡದ ಚೀಟಿ ಹಿಡಿದು ಬಾಗಿಲು ತಟ್ಟುತ್ತಾರೆ. ಸಾಹೇಬರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹೀಗಾಗಿ ಎರಡು ದಂಡವನ್ನು ತಾವೇ ಕಟ್ಟಿ ಬಂದಿದ್ದೂ ಉಂಟು.

ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಕೆಲಸ ಮಾಡುವ ಈ ಮನುಷ್ಯ ಮನೆಗೆ ಮಾತ್ರ ಒಂದು ದಿನವೂ ಹೇಳಿದ ಹೊತ್ತಿಗೆ ಬಂದವರಲ್ಲ. ಮಗಳು ಒಂದನೇ ತರಗತಿಯಲ್ಲಿ ನಾಟಕದಲ್ಲಿ ಮೋಡವಾಗಿದ್ದಳು. ಆ ಮೋಡವನ್ನು ಅವರು ನೋಡಿದ್ದು ಮುಖ ತೊಳೆದ ಮೇಲೆ. ಎರಡನೇ ತರಗತಿಯಲ್ಲಿ ಮೊಲವಾಗಿದ್ದಳು. ಮೊಲವನ್ನು ಫೋಟೋದಲ್ಲಿ ನೋಡಿದರು. ಈ ವರ್ಷ ಮೂರನೇ ತರಗತಿ. "ನಮ್ಮಪ್ಪ ಟ್ರಾಫಿಕ್ಕು" ಎಂದು ಅಜ್ಜಿಯಂತೆ ಮೊಮ್ಮಗಳೂ ಹೇಳಿಕೊಂಡು ತಿರುಗಿದ್ದರಿಂದ ಟೀಚರು ಅವಳಿಗೆ ಟ್ರಾಫಿಕ್ ಸಿಗ್ನಲ್ಲಿನ ಪಾತ್ರವನ್ನೇ ಕೊಟ್ಟಿದ್ದರು. ರಟ್ಟಿನ ಡಬ್ಬಕ್ಕೆ ಮೂರು ಬಣ್ಣದ ವೃತ್ತ. ಹಸಿರು ವೃತ್ತವನ್ನು ಭಾನುವಾರ ಕೂತು ಬಳಿದವರು ಸಾಹೇಬರು. ಇಡೀ ನಾಟಕದಲ್ಲಿ ಸಿಗ್ನಲ್ಲಿಗೆ ಒಂದೇ ಮಾತು: "ನಿಲ್ಲಿ! ಈಗ ಚಿಕ್ಕವರು ದಾಟಬೇಕು!"

ಆ ದಿನ ಬೆಳಗ್ಗೆ ಸಾಹೇಬರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ಪೆನ್ಸಿಲು ಹಿಡಿದು ಕೂತಿದ್ದಳು. ಹೆಂಡತಿ ಬಗ್ಗಿ ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮಗಳು ತಲೆಯನ್ನು ಅಡ್ಡಡ್ಡ ಆಡಿಸಿ, ನಾಲಿಗೆ ಹೊರಗೆ ಚಾಚಿ, ಒತ್ತಿ ಒತ್ತಿ ಬರೆದಳು. ಬರೆದ ಚೀಟಿಯನ್ನು ತಂದು ಅಪ್ಪನ ಜೇಬಿಗೆ ತುರುಕಿದಳು.

"ನಾಲ್ಕು ನಲವತ್ತು. ನೋಡ್ಕೊಂಡು ಬಾ ಅಪ್ಪ."

"ಬರ್ತೀನಿ ಪುಟ್ಟಿ. ನಾಲ್ಕೂವರೆಗೇ ಬಂದು ಮುಂದಿನ ಕುರ್ಚಿ ಹಿಡೀತೀನಿ."

"ಮೊಲಕ್ಕೂ ಹಂಗೇ ಅಂದಿದ್ದೆ."

ಸಾಹೇಬರ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. ಹೆಂಡತಿ ನೀರು ಕೊಟ್ಟಳು, ಮಾತಾಡಲಿಲ್ಲ. ಹೀಗೆ ಮಾತಾಡದೆ ನೀರು ಕೊಡುವುದು ಬೈಗುಳಕ್ಕಿಂತ ಖಾರವೆಂದು ಹನ್ನೊಂದು ವರ್ಷದ ಸಂಸಾರದಲ್ಲಿ ಸಾಹೇಬರು ಕಂಡುಕೊಂಡಿದ್ದರು. ಏನೇ ಆಗಲಿ, ಆಕಾಶವೇ ಕಳಚಿ ಬೀಳಲಿ, ಇವತ್ತು ನಾಲ್ಕೂವರೆಗೆ ಶಾಲೆಯಲ್ಲಿರಬೇಕು ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು ಹೊರಟರು.

ಆಫೀಸಿಗೆ ಕಾಲಿಟ್ಟರೆ ಮ್ಯಾನೇಜರು ಒಂದು ಡಜನ್ ಮೊಟ್ಟೆಯ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಮೊಟ್ಟೆಯ ಕತೆ ಹೀಗೆ. ಅವರು ಮಾಡುತ್ತಿದ್ದ ಚಿಪ್ ಲಿಫ್ಟಿನದು. ಅದನ್ನು ಕೊಳ್ಳುವ ಲಿಫ್ಟ್ ಕಂಪನಿಯವರು ಮಧ್ಯಾಹ್ನ ನೋಡಲು ಬರುವವರಿದ್ದರು. ಲ್ಯಾಬಿನಲ್ಲಿ ಆಳೆತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದರೊಳಗೆ ಊಟದ ಡಬ್ಬಿಯಷ್ಟು ದೊಡ್ಡ ಲಿಫ್ಟೊಂದನ್ನು ತೂಗುಹಾಕಿದ್ದರು. ಹಗ್ಗ ಬಿಟ್ಟರೆ ಡಬ್ಬಿ ಬೀಳುತ್ತದೆ. ಬೀಳುತ್ತಿದೆ ಎಂಬ ಸುದ್ದಿ ಚಿಪ್‌ನ ಗಲ್ಲಿಗಳಲ್ಲಿ ಓಡಿ ಬ್ರೇಕಿಗೆ ಮುಟ್ಟಬೇಕು, ಬ್ರೇಕು ಕಚ್ಚಿ ಡಬ್ಬಿಯನ್ನು ನಡುವೆಯೇ ಹಿಡಿಯಬೇಕು.

"ಕಂಪ್ಯೂಟರು ಪಾಸು ಅಂತ ತೋರಿಸಿದ್ರೆ ಯಾರೂ ನಂಬಲ್ಲ ಸಾಹೇಬ್ರೇ," ಎಂದರು ಮ್ಯಾನೇಜರು. "ಒಳಗೆ ಮೊಟ್ಟೆ ಇಟ್ಟು ಬೀಳಿಸಿ, ಒಡೀಲಿಲ್ಲ ಅಂದ್ರೆ ನಂಬ್ತಾರೆ. ಎರಡು ಗಂಟೆಗೆ ಬರ್ತಾರೆ. ಅಷ್ಟರಲ್ಲಿ ಒಂದು ಸಲ ನೋಡ್ಕೊಂಡ್ಬಿಡಿ."

ಬರೀ ಬ್ರೇಕೊಂದೇ ಇದ್ದಿದ್ದರೆ ಮೊಟ್ಟೆಗೆ ಯಾವ ಭಯವೂ ಇರಲಿಲ್ಲ. ಆದರೆ ಈಗಿನ ಕಾಲದ ಲಿಫ್ಟಿಗೆ ಬ್ರೇಕು ಸಾಲದು. ಹತ್ತಿದವರಿಗೆ ಹಾಡು ಕೇಳಿಸಬೇಕು. ಮಹಡಿಯ ಅಂಕಿ ಬಣ್ಣ ಬಣ್ಣವಾಗಿ ಬೆಳಗಬೇಕು. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಬರೆದಿಡಬೇಕು. ಈ ಎಲ್ಲ ಸುದ್ದಿಯೂ ಅದೇ ಗಲ್ಲಿಗಳಲ್ಲೇ ಹಾಯಬೇಕು. ಅದಕ್ಕೇ ಸಾಹೇಬರು ಎರಡು ತಿಂಗಳ ಹಿಂದೆ ಎಲ್ಲರಿಗೂ ಒಂದು ಪಟ್ಟಿ ಕಳಿಸಿದ್ದರು. ಪಟ್ಟಿಯಲ್ಲಿ ಒಂದೇ ಪ್ರಶ್ನೆ, ಅದರ ಎದುರಿಗೆ ಒಂದು ಖಾಲಿ ಕಾಲಮ್ಮು: ನಿಮ್ಮ ಸುದ್ದಿ ಎಷ್ಟು ಮೈಕ್ರೋಸೆಕೆಂಡಿನೊಳಗೆ ತಲುಪಬೇಕು? ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು, ಮೈಕ್ರೋಸೆಕೆಂಡು. ಗಡುವು ಕಮ್ಮಿ ಬರೆದವರ ಸುದ್ದಿಗೆ ಚೌಕದಲ್ಲಿ ಮೊದಲ ದಾರಿ.

ಗಡುವು ಕಮ್ಮಿ ಬರೆದರೆ ಮೊದಲ ದಾರಿ ಎಂಬ ಸಂಗತಿ ಕ್ಯಾಂಟೀನಿನಲ್ಲಿ ಹಬ್ಬಲು ಅರ್ಧ ಗಂಟೆಯೂ ಹಿಡಿದಿರಲಿಲ್ಲ.

ಹಾಡಿನ ಭಾಗ ನೋಡಿಕೊಳ್ಳುವವನು ಹತ್ತು ಎಂದು ಬರೆದ. ಮಹಡಿಯ ಅಂಕಿ ನೋಡಿಕೊಳ್ಳುವವನು ಹಾಡಿನವನ ಭುಜದ ಮೇಲಿಂದ ಇಣುಕಿ ಒಂಬತ್ತು ಎಂದು ಬರೆದ. ಹತ್ತಿಳಿದವರ ದಾಖಲೆ ಬರೆದಿಡುವ ಭಾಗದ ಹುಡುಗಿ ಐದು ಎಂದು ಬರೆದು, "ಸೊನ್ನೆ ಹಾಕೋಕೆ ನಿಮ್ಮ ಪಟ್ಟಿ ಬಿಡ್ತಿಲ್ಲ ಸಾರ್" ಎಂದು ದೂರು ಬೇರೆ ಕೊಟ್ಟಿದ್ದಳು. ಕೊನೆಯ ಸಾಲು ಬ್ರೇಕಿನದು. ಅದನ್ನು ನೋಡಿಕೊಳ್ಳುತ್ತಿದ್ದುದು ನಿವೃತ್ತಿಗೆ ಹತ್ತಿರವಿದ್ದ, ಮಾತು ಕಮ್ಮಿಯ ಹೆಂಗಸು. ಆಫೀಸಿನವರೆಲ್ಲ ಆಕೆಯನ್ನು ಬ್ರೇಕಮ್ಮ ಎನ್ನುತ್ತಿದ್ದರು. ಆಕೆ ಬರೆದದ್ದು ನಲವತ್ತು.

ಹೀಗಾಗಿ ಆ ಪುಟ್ಟ ಊರಿನಲ್ಲಿ ಹಾಡು ಮುಂದೆ, ಅಂಕಿ ಅದಕ್ಕಿಂತ ಮುಂದೆ, ದಾಖಲೆ ಎಲ್ಲಕ್ಕಿಂತ ಮುಂದೆ. ಜನರ ಪ್ರಾಣ ಉಳಿಸುವ ಬ್ರೇಕು ಎಲ್ಲಕ್ಕಿಂತ ಹಿಂದೆ. ಇಷ್ಟು ಜನಕ್ಕೆ ಇಷ್ಟು ಬೇಗ ದಾರಿ ಕೊಡಲಾಗದು ಎಂದು ಕಂಪ್ಯೂಟರಿನಲ್ಲಿ ಒಂದು ಕೆಂಪು ಸಾಲು ದಿನಾ ಮೂಡುತ್ತಿತ್ತು. ಸಾಹೇಬರು ಅದನ್ನು ದಿನಾ ನೋಡಿಯೂ ನೋಡದವರ ಹಾಗೆ ಮುಚ್ಚುತ್ತಿದ್ದರು. ನಾಲ್ಕು ಜನರ ಜೊತೆ ನಿಷ್ಠುರ ಕಟ್ಟಿಕೊಳ್ಳುವುದಕ್ಕಿಂತ ಒಂದು ಸಾಲು ಮುಚ್ಚುವುದು ಸುಲಭ.

ಹತ್ತು ಗಂಟೆಗೆ ಎಲ್ಲ ಭಾಗಗಳನ್ನೂ ಚಾಲೂ ಮಾಡಿ ಮೊದಲ ಮೊಟ್ಟೆ ಇಟ್ಟರು. ಡಬ್ಬಿಯಿಂದ ಇಂಪಾದ ಹಾಡು ಬರುತ್ತಿತ್ತು. ಅಂಕಿ ನೀಲಿಯಿಂದ ಕಿತ್ತಳೆಗೆ ತಿರುಗಿತು. ಸಾಹೇಬರು ಹಗ್ಗ ಬಿಟ್ಟರು. ಡಬ್ಬಿ ಹಾಡುತ್ತಲೇ ನೆಲಕ್ಕೆ ಅಪ್ಪಳಿಸಿತು.

"ದಾಖಲೆ ಮಾತ್ರ ಸರಿಯಾಗಿ ಬಿದ್ದಿದೆ ಸಾರ್," ಎಂದಳು ದಾಖಲೆಯ ಹುಡುಗಿ. "ಹತ್ತಿದವರು ಒಂದು, ಇಳಿದವರು ಸೊನ್ನೆ."

ಇನ್ನೊಂದು ಮೊಟ್ಟೆ ಇಟ್ಟರು. ಅದೂ ಹೋಯಿತು. ಬ್ರೇಕಿಗೆ ಸುದ್ದಿ ಮುಟ್ಟುವಾಗ ಅರವತ್ತೆರಡು ಮೈಕ್ರೋಸೆಕೆಂಡು ಆಗಿತ್ತು. ನಲವತ್ತು ದಾಟಿ ಬಂದ ಸುದ್ದಿಯನ್ನು ಬ್ರೇಕು ತಂಗಳೆಂದು ಎಸೆದುಬಿಡುತ್ತದೆ. ಅದರ ಸ್ವಭಾವವೇ ಅಂಥದ್ದು. ತಡವಾಗಿ ಬಂದರೂ ಬಂದೆಯಲ್ಲ ಎಂಬ ದಾಕ್ಷಿಣ್ಯ ಅದಕ್ಕಿಲ್ಲ.

ಮ್ಯಾನೇಜರು ನೆಲದ ಮೇಲಿನ ಹಳದಿಯನ್ನೂ ಸಾಹೇಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. "ಎರಡು ಗಂಟೆಗೆ ಬರ್ತಾರೆ," ಎಂದಷ್ಟೇ ಹೇಳಿ ಹೋದರು. ಸಾಹೇಬರು ಜೇಬಿನಲ್ಲಿದ್ದ ಚೀಟಿಯನ್ನು ಮುಟ್ಟಿ ನೋಡಿಕೊಂಡರು. ಇದು ಸರಿಹೋಗದಿದ್ದರೆ ನಾಲ್ಕೂವರೆ ಏನು, ಎಂಟೂವರೆಗೂ ಇಲ್ಲಿಂದ ಕದಲುವ ಹಾಗಿರಲಿಲ್ಲ.

ಮೊದಲು ಹಾಡಿನವನ ಮೇಜಿಗೆ ಹೋದರು.

"ಅಲ್ಲಪ್ಪಾ, ಹಾಡಿಗೆ ಹತ್ತೇ ಮೈಕ್ರೋಸೆಕೆಂಡು ಬೇಕಾ? ಸ್ವಲ್ಪ ಬಿಟ್ಟುಕೊಡೋಕಾಗುತ್ತಾ ನೋಡು."

"ಏನ್ ಸಾರ್ ಹಿಂಗಂತೀರಾ? ಹಾಡಲ್ಲಿ ತಾಳ ತಪ್ಪಿದ್ರೆ ಜನಕ್ಕೆ ಲಿಫ್ಟಲ್ಲಿ ತಲೆ ಸುತ್ತುತ್ತೆ."

"ಲಿಫ್ಟೇ ಬಿದ್ರೆ?"

"ಬಿದ್ರೂ ನೆಮ್ಮದಿಯಾಗಿ ಬೀಳ್ತಾರಲ್ಲ ಸಾರ್." ಅವನು ತುಂಬ ಹೊತ್ತು ಯೋಚಿಸಿ, ಸ್ವಂತ ಕಿಡ್ನಿ ಬಿಚ್ಚಿ ಕೊಡುವವನ ಮುಖ ಮಾಡಿ, "ನಿಮಗೋಸ್ಕರ ಹನ್ನೊಂದು ಮಾಡ್ತೀನಿ. ಬೇರೆ ಯಾರಿಗೂ ಹೇಳಬೇಡಿ" ಎಂದ.

ಅಂಕಿಯವನು ಹಾಡಿನವನು ಎಷ್ಟು ಬಿಟ್ಟುಕೊಟ್ಟ ಎಂದು ಮೊದಲು ವಿಚಾರಿಸಿದ. ಹನ್ನೊಂದು ಎಂದು ತಿಳಿದ ಮೇಲೆ ತಾನು ಹತ್ತಕ್ಕೆ ಬಂದ. ದಾಖಲೆಯ ಹುಡುಗಿ ಐದೂ ಕಾಲಿಗೆ ಒಪ್ಪಿದಳು. ಕಾಲು ಬರೆಯಲು ಪಟ್ಟಿ ಬಿಡದಿದ್ದರಿಂದ ಮತ್ತೆ ಐದಕ್ಕೇ ಇಳಿದಳು. ಸಾಹೇಬರು ಎಲ್ಲರಿಗೂ ಕೈ ಮುಗಿದು, ಥ್ಯಾಂಕ್ಸ್ ಹೇಳಿ, ಬಂದು ಇನ್ನೊಂದು ಮೊಟ್ಟೆ ಒಡೆದರು.

ಹನ್ನೆರಡರ ಹೊತ್ತಿಗೆ ಏಳು ಮೊಟ್ಟೆ ಹೋಗಿದ್ದವು. ದಾರಿಯಲ್ಲಿ ಹೋಗುವವರೆಲ್ಲ ಲ್ಯಾಬಿನೊಳಗೆ ಮೂಗು ತೂರಿಸಿ ಒಂದೊಂದು ಸಲಹೆ ಎಸೆದು ಹೋಗುತ್ತಿದ್ದರು. ಒಬ್ಬರು ಮೊಟ್ಟೆಯನ್ನು ಬೇಯಿಸಿ ಇಡಿ ಎಂದರು. ಇನ್ನೊಬ್ಬರು ಕೆಳಗೆ ಬಾಣಲೆ ಇಟ್ಟರೆ ವ್ಯರ್ಥವಾಗುವುದಿಲ್ಲ ಎಂದರು. ಅಂಕಿಯವನು ಎಲ್ಲ ಬಿಟ್ಟು ಪ್ರತಿ ಸಲ ಡಬ್ಬಿ ಬೀಳುವಾಗ ಅಂಕಿಯ ಬಣ್ಣ ಎಷ್ಟು ಸೊಗಸಾಗಿ ಬದಲಾಗುತ್ತಿದೆ ಎಂದು ವಿಡಿಯೋ ಮಾಡಿಕೊಳ್ಳುತ್ತಿದ್ದ.

ಬ್ರೇಕಮ್ಮ ಮಾತ್ರ ನೆಲ ಒರೆಸುವ ಬಟ್ಟೆ ಹಿಡಿದು ಬಂದರು. ಒರೆಸುತ್ತ, ತಲೆ ಎತ್ತದೆ ಹೇಳಿದರು.

"ನೀವು ಕೇಳಿದ್ದೇ ತಪ್ಪು."

"ಯಾಕೆ ಮೇಡಂ?"

"ಎಷ್ಟು ಬೇಗ ಬೇಕು ಅಂತ ಕೇಳಿದ್ರೆ ಯಾರಾದ್ರೂ ನಿಧಾನಕ್ಕೆ ಬರಲಿ ಅಂತಾರಾ? ಬೇಗ ಬೇಕು ಅನ್ನೋರ ತಲೆ ಮೇಲೆ ಏನಾದ್ರೂ ಭಾರ ಹೊರಿಸಿ. ಆಗ ನಿಜ ಹೊರಗೆ ಬರುತ್ತೆ."

ಸಾಹೇಬರು ಮೊಟ್ಟೆಯ ಟ್ರೇ ಮುಂದಿಟ್ಟುಕೊಂಡು ಐದು ನಿಮಿಷ ಕೂತರು. ಆಮೇಲೆ ಎದ್ದು ಹೋಗಿ ಪಟ್ಟಿಯಲ್ಲಿ ಇನ್ನೊಂದು ಕಾಲಮ್ಮು ಎಳೆದು, ಎಲ್ಲರಿಗೂ ಕಳಿಸಿದರು. ಹೊಸ ಕಾಲಮ್ಮಿನ ತಲೆಬರಹ ಹೀಗಿತ್ತು: "ಗಡುವು ನೂರಕ್ಕಿಂತ ಕಮ್ಮಿ ಇರುವ ಭಾಗದವರು, ಲಿಫ್ಟ್ ಕೆಟ್ಟರೆ ಭಾನುವಾರ ಫೋನ್ ಎತ್ತಬೇಕು. ನಿಮ್ಮ ಮನೆಯ ನಂಬರು ಬರೆಯಿರಿ."

ಕುರ್ಚಿಗಳು ಸರಿದ ಸದ್ದು ಲ್ಯಾಬಿನವರೆಗೂ ಕೇಳಿಸಿತು. ಮೊದಲು ಓಡಿ ಬಂದವನು ಹಾಡಿನವನು.

"ಸಾರ್, ಕೂತು ಲೆಕ್ಕ ಹಾಕಿದೆ. ಎರಡು ಸಾವಿರ ಆದ್ರೂ ಕಿವಿಗೆ ಗೊತ್ತೇ ಆಗಲ್ಲ ಸಾರ್. ಹತ್ತು ಅಂತ ಯಾರು ಬರೆದ್ರೋ ಏನೋ."

"ನೀನೇ ಬರೆದಿದ್ದು."

"ಆಗ ನನಗೆ ಜ್ವರ ಇತ್ತು ಸಾರ್."

ಅಂಕಿಯವನು ಒಂದು ಲಕ್ಷ ಎಂದ. ಕಣ್ಣು ಮಿಟುಕಿಸುವುದರೊಳಗೆ ಅಂಕಿ ಬದಲಾದರೆ ಸಾಕಂತೆ, ಮನುಷ್ಯರ ಕಣ್ಣು ಅಷ್ಟೇನೂ ಚುರುಕಲ್ಲವಂತೆ. ದಾಖಲೆಯ ಹುಡುಗಿ ತುಂಬ ನಾಚಿಕೊಂಡು, "ಇವತ್ತಿನದು ನಾಳೆ ಸಿಕ್ಕಿದ್ರೂ ನಡಿಯುತ್ತೆ ಸಾರ್. ಹೆಂಗೂ ಯಾರೂ ಓದಲ್ಲ" ಎಂದಳು. ಸಾಹೇಬರಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ಹೊಟ್ಟೆಗೆ ಹಾಕಿಕೊಂಡು ಅಂಕಿಗಳನ್ನು ತಿದ್ದಿದರು. ಎರಡು ತಿಂಗಳಿಂದ ದಿನಾ ಮೂಡುತ್ತಿದ್ದ ಕೆಂಪು ಸಾಲು ಮಾಯವಾಯಿತು.

ಬ್ರೇಕಮ್ಮ ಹೊಸ ಕಾಲಮ್ಮಿನಲ್ಲಿ ತಮ್ಮ ಮನೆಯ ನಂಬರನ್ನು ಸದ್ದಿಲ್ಲದೆ ಬರೆದು ಹೋಗಿದ್ದರು. ಗಡುವು ಹಾಗೇ ಇತ್ತು, ನಲವತ್ತು.

ಎಂಟನೇ ಮೊಟ್ಟೆ ಇಟ್ಟು ಹಗ್ಗ ಬಿಟ್ಟರು. ಡಬ್ಬಿ ಎರಡು ಗೇಣು ಜಾರಿ, ಟಕ್ ಎಂದು ನಿಂತಿತು. ಮೊಟ್ಟೆ ಒಳಗೆ ಮಗುವಿನ ಹಾಗೆ ತಣ್ಣಗೆ ಮಲಗಿತ್ತು. ಸಾಹೇಬರಿಗೆ ಅದನ್ನು ಎತ್ತಿ ಮುತ್ತಿಡಬೇಕೆನ್ನಿಸಿತು.

ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಆದರೆ ಗೆದ್ದ ಮನುಷ್ಯನ ಕೈ ಸುಮ್ಮನಿರುವುದಿಲ್ಲವಲ್ಲ! ಎಲ್ಲರೂ ಗಡುವು ಬಚ್ಚಿಟ್ಟುಕೊಂಡವರೇ ಎಂದ ಮೇಲೆ ಬ್ರೇಕಮ್ಮನೂ ಹತ್ತಾದರೂ ಬಚ್ಚಿಟ್ಟುಕೊಂಡಿರಲೇಬೇಕು ಎಂದು ಸಾಹೇಬರಿಗೆ ಹೊಳೆಯಿತು. ಅದನ್ನು ಬಿಡಿಸಿಕೊಂಡರೆ ಗಲ್ಲಿಗಳು ಇನ್ನಷ್ಟು ಸಲೀಸು. ಅವರು ನಲವತ್ತನ್ನು ಅಳಿಸಿ ಐವತ್ತು ಮಾಡುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅದನ್ನ ಮುಟ್ಟಬೇಡಿ. ನಲವತ್ತು ಅಂದ್ರೆ ನಲವತ್ತೇ."

"ಎಲ್ಲರೂ ಹಂಗೇ ಅಂತಾರೆ ಮೇಡಂ."

"ಎಲ್ಲರೂ ಅಂತಾರೆ, ಒಪ್ಪಿದೆ. ಆದ್ರೆ ಅವರಲ್ಲಿ ಒಬ್ಬರು ನಿಜ ಹೇಳ್ತಿರಬಹುದಲ್ಲ?"

ಸಾಹೇಬರು ನಕ್ಕು ಅದೇ ಮೊಟ್ಟೆಯನ್ನು ಮತ್ತೆ ಬೀಳಿಸಿದರು. ಪಟ್ಟಿಯಲ್ಲಿ ಐವತ್ತು ಎಂದು ಕಂಡ ಮೇಲೆ ಸುದ್ದಿ ಯಾವ ಆತುರವೂ ಇಲ್ಲದೆ ನಲವತ್ತೆಂಟಕ್ಕೆ ಬಂದು ಮುಟ್ಟಿತು. ಬ್ರೇಕು ಅದನ್ನು ಎಸೆಯಿತು. ಈಗಷ್ಟೇ ಮಗುವಿನ ಹಾಗೆ ಮಲಗಿದ್ದ ಮೊಟ್ಟೆ ಸಾಹೇಬರ ಬೂಟಿನ ಮೇಲೆ ಹರಿಯಿತು. ಬ್ರೇಕಮ್ಮ ಬಟ್ಟೆಯನ್ನು ಅವರ ಕೈಗೇ ಕೊಟ್ಟು ಹೋದರು.

ಸಾಹೇಬರು ಬೂಟು ಒರೆಸಿಕೊಂಡು, ಅಂಕಿಯನ್ನು ಮತ್ತೆ ನಲವತ್ತು ಮಾಡಿದರು.

ಎರಡು ಗಂಟೆಯಾಯಿತು. ಲಿಫ್ಟ್ ಕಂಪನಿಯವರ ಸುಳಿವಿಲ್ಲ. ಎರಡೂವರೆ ಆಯಿತು. ಸಾಹೇಬರು ಕಿಟಕಿಗೂ ಗಡಿಯಾರಕ್ಕೂ ನಡುವೆ ಓಡಾಡಿ ನೆಲ ಸವೆಸುತ್ತಿದ್ದರೆ ಮ್ಯಾನೇಜರು ಮಾತ್ರ ಕಾಲು ಚಾಚಿ ಪೇಪರು ಓದುತ್ತಿದ್ದರು.

"ಯಾಕ್ರೀ ಒದ್ದಾಡ್ತೀರಾ? ಅವರು ಬರೋದು ಮೂರಕ್ಕೆ."

"ಎರಡು ಅಂದಿದ್ರಲ್ಲ ಸಾರ್?"

"ಅವರಿಗೂ ಎರಡು ಅಂತಾನೇ ಹೇಳಿದ್ದೆ. ಎರಡು ಅಂದ್ರೆ ಮೂರಕ್ಕೆ ಬರ್ತಾರೆ. ಮೂರು ಅಂದಿದ್ರೆ ನಾಲ್ಕಕ್ಕೆ ಬರ್ತಿದ್ರು. ಯಾರಿಗಾದ್ರೂ ನಿಜವಾದ ಟೈಮು ಹೇಳೋದುಂಟಾ ಸಾಹೇಬ್ರೇ?"

ಮೂರಕ್ಕೆ ಸರಿಯಾಗಿ ಮೂವರು ಬಂದರು. ಮೂವರೂ ಒಂದೊಂದು ಮೊಟ್ಟೆಯನ್ನು ಕೈಯಾರೆ ಇಟ್ಟು, ಕೈಯಾರೆ ಹಗ್ಗ ಬಿಟ್ಟರು. ಹಾಡು ಹಾಡಿತು, ಅಂಕಿ ಬೆಳಗಿತು, ಮೂರು ಸಲವೂ ಡಬ್ಬಿ ನಡುವೆಯೇ ನಿಂತಿತು. ಚಪ್ಪಾಳೆಯಾಯಿತು. ನಾಲ್ಕಕ್ಕೆಲ್ಲ ಒಪ್ಪಂದದ ಮಾತು ಮುಗಿದು, ಮ್ಯಾನೇಜರು ಸಾಹೇಬರ ಬೆನ್ನು ತಟ್ಟಿ, "ಟೀ, ಕೇಕು ಬರ್ತಿದೆ. ನಮ್ಮ ಸಾಹೇಬ್ರು ಇದನ್ನ ಹೆಂಗೆ ಮಾಡಿದ್ರು ಅಂತ ಅವರ ಬಾಯಲ್ಲೇ ಕೇಳಿ" ಎಂದು ಅತಿಥಿಗಳಿಗೆ ಹೇಳಿದರು.

ಹದಿನೈದು ವರ್ಷದ ನೌಕರಿಯಲ್ಲಿ ಸಾಹೇಬರ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಅದು ಹಿತವಾಗಿತ್ತು. ಆದರೂ ನಾಲ್ಕೂ ಕಾಲಿಗೆ ಅವರು ಚೀಲ ಹೆಗಲಿಗೇರಿಸಿದರು. ಶಾಲೆ ಹದಿನೈದು ನಿಮಿಷದ ನಡಿಗೆ. ನಾಲ್ಕೂವರೆಗೆ ಸರಿಯಾಗಿ ಮುಂದಿನ ಕುರ್ಚಿ. ಕೊನೆಯ ಸಲ ಚೀಟಿ ತೆಗೆದು ನೋಡಿದರು. ನಾಲ್ಕು ನಲವತ್ತು.

ನೋಡುತ್ತ ನಿಂತವರಿಗೆ ತಲೆಯೊಳಗೆ ದೀಪ ಹತ್ತಿತು.

ಹೋದ ವರ್ಷ ಹೆಂಡತಿ ಎಂಟು ಗಂಟೆಗೆ ರೈಲು ಎಂದು ಹೇಳಿ ಬೆವರಿಳಿಸಿ ಓಡಿಸಿದ್ದಳು. ರೈಲು ಇದ್ದದ್ದು ಒಂಬತ್ತಕ್ಕೆ. ಹಲ್ಲಿನ ಡಾಕ್ಟರು ಐದಕ್ಕೆ ಎಂದಳು, ಡಾಕ್ಟರು ಆರಕ್ಕೆ ಬಾಗಿಲು ತೆಗೆದರು. ನಾದಿನಿಯ ಗೃಹಪ್ರವೇಶದ ಊಟ ಹನ್ನೆರಡಕ್ಕೆ ಎಂದಳು, ಎಲೆ ಹಾಕಿದ್ದು ಒಂದಕ್ಕೆ. ಮೂರಕ್ಕೆ ಮೂರು ಸಲವೂ ಒಂದು ಗಂಟೆ! ಹಾಡಿನವನು, ಅಂಕಿಯವನು, ದಾಖಲೆಯ ಹುಡುಗಿ, ಮ್ಯಾನೇಜರು, ಈಗ ಹೆಂಡತಿ. ಲೋಕವೆಲ್ಲ ಒಂದೇ ಪಟ್ಟಿ ತುಂಬುತ್ತಿದೆ. ಹಾಗಾದರೆ ನಾಟಕ ಇರುವುದು ಐದು ನಲವತ್ತಕ್ಕೆ. ಈಗಲೇ ಹೋದರೆ ಖಾಲಿ ಕುರ್ಚಿಗಳ ನಡುವೆ ಒಂದು ಗಂಟೆ ನೊಣ ಹೊಡೆಯಬೇಕು.

ಅವರು ಚೀಲವನ್ನು ಕೆಳಗಿಟ್ಟು, ಕೇಕು ತೆಗೆದುಕೊಂಡರು.

ಅತಿಥಿಗಳ ಎದುರು ಸಾಹೇಬರ ನಾಲಿಗೆ ಆ ದಿನ ಓಡಿದ ಹಾಗೆ ಎಂದೂ ಓಡಿರಲಿಲ್ಲ. "ನೋಡಿ, ಚಿಪ್‌ನಲ್ಲಿ ದಟ್ಟಣೆ ಆಗೋದು ದಾರಿ ಕಿರಿದು ಅಂತಲ್ಲ. ಜನ ಹೇಳೋ ಗಡುವು ನಿಜವಾದ ಗಡುವಲ್ಲ, ಅದಕ್ಕೆ. ಅದನ್ನ ತಿಳ್ಕೊಂಡೋನಿಗೆ ಎಲ್ಲೂ ತಡ ಆಗಲ್ಲ, ಎಲ್ಲೂ ಕಾಯಬೇಕಾಗಿಲ್ಲ" ಎಂದು ಎರಡನೇ ಕಪ್ ಟೀ ಹಿಡಿದು ವಿವರಿಸಿದರು. ಅತಿಥಿಗಳಲ್ಲಿ ಒಬ್ಬರು ಅದನ್ನು ಬರೆದುಕೊಂಡರು.

ಐದಕ್ಕೆ ಬ್ರೇಕಮ್ಮ ಮನೆಗೆ ಹೊರಟವರು ಸಾಹೇಬರನ್ನು ಕಂಡು ನಿಂತರು. "ಇವತ್ತು ಮಗಳ ನಾಟಕ ಅಂದಿದ್ರಲ್ಲ?"

ಸಾಹೇಬರು ಗುಟ್ಟು ಹೇಳುವವರ ಹಾಗೆ ಚೀಟಿ ತೋರಿಸಿ, ತಮ್ಮ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದರು. ಆಕೆ ಕನ್ನಡಕ ಏರಿಸಿಕೊಂಡು, ದಪ್ಪ ಪೆನ್ಸಿಲಿನಲ್ಲಿ ಒತ್ತಿ ಬರೆದ ದುಂಡು ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದರು. ಚೀಟಿಯನ್ನು ವಾಪಸು ಕೊಡುತ್ತ, "ನಾನಾಗಿದ್ರೆ ಹೋಗ್ತಿದ್ದೆ" ಎಂದರು.

"ಹೊರಟೇಬಿಟ್ಟೆ ಮೇಡಂ. ಹೋದ್ರೂ ಇಪ್ಪತ್ತೈದು ನಿಮಿಷ ಮುಂಚೆ!"

ದಾರಿಯುದ್ದಕ್ಕೂ ಸಾಹೇಬರು ಸಂಜೆಯ ಗಾಳಿ ಕುಡಿಯುತ್ತ ನಿಧಾನವಾಗಿ ನಡೆದರು. ಜೀವನದಲ್ಲಿ ಮೊದಲ ಸಲ ಒಂದು ಕಡೆಗೆ ಮುಂಚಿತವಾಗಿ ಹೋಗುತ್ತಿದ್ದರು. ಹೆಂಡತಿಯ ಮುಖ ಹೇಗಾಗಬಹುದು ಎಂದು ನೆನೆದು ಒಬ್ಬರೇ ನಕ್ಕರು. ಐದೂ ಕಾಲಿಗೆ ಶಾಲೆಯ ಗೇಟಿಗೆ ಬಂದರೆ ಎದುರಿನಿಂದ ಒಂದು ಮರ ಬರುತ್ತಿತ್ತು. ಮರದ ಹಿಂದೆ ಅದರ ಅಜ್ಜಿ. ಆಮೇಲೆ ಎರಡು ಬಸ್ಸು ಬಂದವು, ಕೈಯಲ್ಲಿ ಬಿಸ್ಕತ್ತು ಹಿಡಿದು. ಬಾಲ ಕಳಚಿಕೊಂಡ ನಾಯಿಯೊಂದು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಮಕ್ಕಳು ಒಳಗೆ ಹೋಗುತ್ತಿಲ್ಲ, ಹೊರಗೆ ಬರುತ್ತಿದ್ದಾರೆ.

ಮೆಟ್ಟಿಲ ಮೇಲೆ ಟ್ರಾಫಿಕ್ ಸಿಗ್ನಲ್ಲು ಕೂತಿತ್ತು. ಕೆಂಪು ವೃತ್ತದ ಒಂದು ಅಂಚು ಕಿತ್ತು ಜೋತಾಡುತ್ತಿತ್ತು. ಹಸಿರು ಮಾತ್ರ ಗಟ್ಟಿಯಾಗಿತ್ತು.

"ಮುಗೀತು ಅಪ್ಪ," ಎಂದಳು ಮಗಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸಾಹೇಬರಿಗೆ.

"ಮುಗೀತಾ? ಐದು ನಲವತ್ತಕ್ಕಲ್ವಾ?" ಅವರು ಹೆಂಡತಿಯ ಕಡೆ ತಿರುಗಿದರು. "ನೀನು ಯಾವಾಗ್ಲೂ ಒಂದು ಗಂಟೆ ಮುಂಚೆ ಹೇಳ್ತೀಯಲ್ಲೇ!"

"ಹೌದ್ರೀ, ಹೇಳ್ತೀನಿ. ಇವತ್ತೂ ಹೇಳೋಣ ಅಂತಿದ್ದೆ. ಮೂರು ನಲವತ್ತು ಅಂತ ಬರಿ ಅಂತ ಕಿವೀಲಿ ಹೇಳಿದೆ. ಇವಳು ಕೇಳಿದ್ರೆ ತಾನೇ?"

ಮಗಳು ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಚೀಟಿಯನ್ನು ನೋಡಿದಳು. "ಅಪ್ಪನಿಗೆ ಸುಳ್ಳು ಯಾಕೆ ಬರೀಬೇಕು, ನಿಜ ಬರೆದ್ರೇ ಬರ್ತಾರೆ ಅಂತ ನಾನೇ ಅಂದೆ. ನಾಲ್ಕು ನಲವತ್ತು ಅಂದ್ರೆ ನಾಲ್ಕು ನಲವತ್ತೇ ಅಪ್ಪ."

ಸಾಹೇಬರು ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತರು. ಬೆಳಗಿನಿಂದ ಅಷ್ಟು ಜನರ ಅಷ್ಟು ಗಡುವುಗಳ ನಡುವೆ ಮನೆಯಿಂದ ಬಂದದ್ದೊಂದು ನಿಜವಾಗಿತ್ತು, ಅದು ತಮ್ಮ ಎದೆಯ ಮೇಲಿನ ಜೇಬಿನಲ್ಲೇ ಇತ್ತು. ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ. ಬೂಟಿನ ಹೊಲಿಗೆಯಲ್ಲಿ ಒಣಗಿದ ಹಳದಿ ಇನ್ನೂ ಉಳಿದಿತ್ತು.

"ತಪ್ಪಾಯ್ತು ಪುಟ್ಟಿ. ದೊಡ್ಡ ತಪ್ಪಾಯ್ತು. ಒಂದೇ ಒಂದು ಸಲ ನನಗೋಸ್ಕರ ಆ ಮಾತು ಹೇಳ್ತೀಯಾ?"

ಮಗಳು ಬಿಗುಮಾನದಿಂದಲೇ ಎದ್ದು, ರಟ್ಟನ್ನು ಸರಿಮಾಡಿಕೊಂಡು, ಗೇಟಿನ ಬಳಿ ಹೋಗಿ ಕೈ ಎತ್ತಿ, "ನಿಲ್ಲಿ! ಈಗ ಚಿಕ್ಕವರು ದಾಟಬೇಕು!" ಎಂದು ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲಿನವನೊಬ್ಬ ಗಾಬರಿಯಾಗಿ ಬ್ರೇಕು ಒತ್ತಿ ನಿಂತೇಬಿಟ್ಟ. ಸಾಹೇಬರು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು.

ಮೂವರೂ ಮನೆಯ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಹೆಂಡತಿ, "ಟೀಚರು ನಾಟಕ ಚೆನ್ನಾಗಿತ್ತು ಅಂತ ಮುಂದಿನ ಶುಕ್ರವಾರ ದೊಡ್ಡ ಹಾಲ್‌ನಲ್ಲಿ ಇನ್ನೊಂದು ಸಲ ಆಡಿಸ್ತಾರಂತೆ" ಎಂದಳು.

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. "ಹೌದಾ! ಈ ಸಲ ಮಾತ್ರ ಯಾವ ಲೆಕ್ಕಾನೂ ಹಾಕಲ್ಲ. ಹೇಳಿದ ಹೊತ್ತಿಗೆ ಅಲ್ಲಿರ್ತೀನಿ. ಎಷ್ಟು ಗಂಟೆಗೆ ಪುಟ್ಟಿ?"

ಮಗಳು ಉತ್ತರಿಸುವ ಮೊದಲು ಅಮ್ಮನ ಮುಖ ನೋಡಿದಳು. ಅಮ್ಮ ಆಕಾಶ ನೋಡುತ್ತಿದ್ದಳು.

"ಎರಡು ಗಂಟೆಗೆ ಅಪ್ಪ."

"ಎರಡಕ್ಕಾ? ನಿಜವಾಗ್ಲೂ?"

"ಎರಡು ಅಂದ್ರೆ ಎರಡೇ," ಎಂದಳು ಮಗಳು, ಹಾಡಿನವನು ಪಟ್ಟಿಯಲ್ಲಿ ಹತ್ತು ಎಂದು ಬರೆದಾಗ ಇದ್ದಂಥದೇ ಮುಖ ಮಾಡಿಕೊಂಡು.